ಉಪ್ಪಿನ ಹರಳಿನಷ್ಟು ಹಿಮ

2002ರ ಜನವರಿ 4. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಹಿಂದಿನ ರಾತ್ರಿಯಿಡೀ ಕೊರೆಯುವ ಚಳಿ. ಬಯಲಿನಲ್ಲಿ ನಿಂತಿದ್ದ ವಿಮಾನಗಳ ಮೈಮೇಲೆ ಬೆಳಗಾಗುವಷ್ಟರಲ್ಲಿ ಬಿಳಿ ಪೊರೆ ಕೂತಿತ್ತು. ಅಂದು ಬೆಳಿಗ್ಗೆ ಹೊರಟ ಹಲವು ವಿಮಾನಗಳು ಬಿಸಿ ದ್ರಾವಣ ಹೊಡೆಸಿಕೊಂಡು, ರೆಕ್ಕೆ ತೊಳೆಸಿಕೊಂಡು ಹೋದವು. ಅಮೆರಿಕದ ಬ್ಯಾಂಗರ್‌ಗೆ ಹೊರಡಬೇಕಿದ್ದ ಚಾಲೆಂಜರ್ 604 ಎಂಬ ಖಾಸಗಿ ಜೆಟ್ ಮಾತ್ರ ಆ ಉಸಾಬರಿಗೆ ಹೋಗಲಿಲ್ಲ. ರೆಕ್ಕೆಯ ಮುಂಅಂಚಿನಲ್ಲಿ ಹಿಮ ಕೂತಿದೆ ಎಂಬ ಮಾತು ಪೈಲಟ್‌ಗಳ ನಡುವೆ ಬಂದು ಹೋದದ್ದು ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿದೆ. ಮಾತು ಅಲ್ಲಿಗೇ ನಿಂತಿತು. ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ಜೆಟ್ ರನ್‌ವೇ ಬಿಟ್ಟು ಮೇಲೆದ್ದಿತು, ಎದ್ದ ಕೂಡಲೇ ಎಡಕ್ಕೆ ವಾಲಿತು, ಎಡ ರೆಕ್ಕೆಯ ತುದಿ ನೆಲ ಕೆರೆಯಿತು, ವಿಮಾನ ಮಗುಚಿ ಬಿದ್ದು ಬೆಂಕಿ ಹೊತ್ತಿಕೊಂಡಿತು. ಇಷ್ಟೆಲ್ಲ ನಡೆದದ್ದು ಕೆಲವೇ ಸೆಕೆಂಡುಗಳಲ್ಲಿ. ಒಳಗಿದ್ದ ಐವರೂ ಸತ್ತರು.

ಎಂಜಿನ್ ಕೆಟ್ಟಿರಲಿಲ್ಲ. ಗಾಳಿಯ ಹೊಡೆತವಿರಲಿಲ್ಲ. ರೆಕ್ಕೆಯ ಮೇಲಿನ ಆ ಬಿಳಿ ಪೊರೆಯಿಂದ, ಅಂದರೆ ಫ್ರಾಸ್ಟ್‌ನಿಂದಾಗಿ, ಎಡ ರೆಕ್ಕೆ ಹೊತ್ತಿಗೆ ಮುಂಚೆಯೇ ಎತ್ತುಬಲ ಕಳೆದುಕೊಂಡಿತು ಎಂದು ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಶಾಖೆ ಹೇಳಿತು. ಕೋಟಿಗಟ್ಟಲೆ ಬೆಲೆಯ, ಇಬ್ಬರು ಪೈಲಟ್‌ಗಳಿರುವ ಜೆಟ್ಟಿಗೇ ಈ ಗತಿಯಾದರೆ, ಒಂದೇ ಎಂಜಿನ್ನಿನ ಸೆಸ್ನಾ, ಪೈಪರ್‌ಗಳ ಪಾಡೇನು?

ಹಿಮ ಎಂದ ತಕ್ಷಣ ಯಾರಿಗೂ ಮೊದಲು ನೆನಪಾಗುವುದು ಭಾರ. ಆ ಲೆಕ್ಕವನ್ನೇ ಮೊದಲು ಮುಗಿಸಿಬಿಡೋಣ. ಜಗತ್ತಿನಲ್ಲಿ ಅತಿ ಹೆಚ್ಚು ತಯಾರಾದ ವಿಮಾನವೆಂಬ ಹೆಸರು ಸೆಸ್ನಾ 172ರದು. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಅದರ ರೆಕ್ಕೆಯ ವಿಸ್ತೀರ್ಣ ಸುಮಾರು 16 ಚದರ ಮೀಟರ್. ಅಷ್ಟು ಜಾಗದ ಮೇಲೆ ಒಂದು ಮಿಲಿಮೀಟರ್ ದಪ್ಪದ, ಟೊಳ್ಳುಟೊಳ್ಳಾದ ಫ್ರಾಸ್ಟ್ ಕೂತರೆ ಅದರ ತೂಕ ನಾಲ್ಕೈದು ಕಿಲೋ ದಾಟುವುದು ಕಷ್ಟ. ನಾಲ್ವರು ಕೂರುವ, ತುಂಬಿದಾಗ ಸಾವಿರ ಕಿಲೋಗಿಂತ ಹೆಚ್ಚು ತೂಗುವ ವಿಮಾನಕ್ಕೆ ಇದು ಒಂದು ಕೈಚೀಲದ ಭಾರ. ಪೈಲಟ್‌ಗಳು ಮೋಸಹೋಗುವುದು ಈ ಲೆಕ್ಕದಲ್ಲೇ. ಅಪಾಯವಿರುವುದು ಅದರ ತರಿಯಲ್ಲಿ, ತೂಕದಲ್ಲಲ್ಲ.

ರೆಕ್ಕೆಯ ಮೇಲ್ಮೈಗೆ ಒತ್ತಿಕೊಂಡು ಹರಿಯುವ ತೆಳು ಗಾಳಿಯ ಪದರವೊಂದಿದೆ. ಈ ಪದರ ಮುಂಅಂಚಿನಿಂದ ಹಿಂದಿನ ಅಂಚಿನವರೆಗೂ ರೆಕ್ಕೆಗೆ ಅಂಟಿಕೊಂಡೇ ಸಾಗಿದರೆ ಎತ್ತುಬಲ ಹುಟ್ಟುತ್ತದೆ. ಮೇಲ್ಮೈ ತರಿತರಿಯಾದರೆ ಗಾಳಿಯ ಕಸುವು ಆ ತರಿಗಳನ್ನು ಹಾಯುವುದರಲ್ಲೇ ಸೋರಿಹೋಗುತ್ತದೆ. ಪದರ ದಪ್ಪವಾಗಿ, ಸುಸ್ತಾಗಿ, ಅರ್ಧ ದಾರಿಯಲ್ಲೇ ರೆಕ್ಕೆಯನ್ನು ಬಿಟ್ಟು ಮೇಲೇಳುತ್ತದೆ. ಹೀಗೆ ಗಾಳಿ ಬಿಟ್ಟುಹೋದ ಸ್ಥಿತಿಯನ್ನೇ ಸ್ಟಾಲ್ ಎನ್ನುವುದು. ಶುಭ್ರ ರೆಕ್ಕೆ ಮೂತಿಯನ್ನು ಸಾಕಷ್ಟು ಎತ್ತಿದ ಮೇಲಷ್ಟೇ ಸ್ಟಾಲ್ ಆಗುತ್ತದೆ. ತರಿ ಕೂತ ರೆಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ ಕೋನದಲ್ಲೇ ಕೈಕೊಡುತ್ತದೆ. ಮಧ್ಯಮದಿಂದ ಒರಟು ಮರಳುಕಾಗದದಷ್ಟು ತರಿ ರೆಕ್ಕೆಯ ಮುಂಅಂಚು ಮತ್ತು ಮೇಲ್ಮೈಯಲ್ಲಿದ್ದರೆ ಎತ್ತುಬಲ ಶೇ. 30ರವರೆಗೆ ಕುಸಿಯಬಹುದು, ಗಾಳಿಯ ಎಳೆತ ಶೇ. 40ರವರೆಗೆ ಏರಬಹುದು ಎಂಬುದು ಅಮೆರಿಕದ ವಿಮಾನಯಾನ ಆಡಳಿತ ಬಹಳ ವರ್ಷಗಳಿಂದ ಹೇಳುತ್ತಾ ಬಂದಿರುವ ಮಾತು. ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2004ರ ಡಿಸೆಂಬರ್‌ನಲ್ಲಿ ಪೈಲಟ್‌ಗಳಿಗೆ ಕೊಟ್ಟ ಎಚ್ಚರಿಕೆ ಇನ್ನೂ ಒಂದು ಹೆಜ್ಜೆ ಮುಂದಿತ್ತು. ಉಪ್ಪಿನ ಹರಳಿನಷ್ಟು ಹಿಮದ ಕಣಗಳು ಚದರ ಸೆಂಟಿಮೀಟರಿಗೆ ಒಂದರಂತೆ ಹರಡಿಕೊಂಡಿದ್ದರೂ ವಿಮಾನ ಮೇಲೇಳದ ಹಾಗೆ ಮಾಡಬಲ್ಲವು ಎಂದಿತು ಅದು.

ಇಲ್ಲಿ ಚಿಕ್ಕ ವಿಮಾನಗಳಿಗೆ ಅನ್ಯಾಯವೇ ಆಗಿದೆ. ಫ್ರಾಸ್ಟ್‌ನ ಹರಳು ಜಂಬೋ ಜೆಟ್ಟಿನ ಮೇಲೆ ಕೂತರೂ ಸೆಸ್ನಾದ ಮೇಲೆ ಕೂತರೂ ಒಂದೇ ಗಾತ್ರ. ರೆಕ್ಕೆ ಕಿರಿದಾದಷ್ಟೂ ಅದರ ಪಾಲಿಗೆ ಅದೇ ಹರಳು ದೊಡ್ಡದು. ದೊಡ್ಡ ವಿಮಾನಗಳಿಗೆ ಟೇಕಾಫ್ ವೇಳೆ ಮುಂಅಂಚಿನಿಂದ ಚಾಚಿಕೊಳ್ಳುವ ಸ್ಲ್ಯಾಟ್‌ಗಳ ಆಸರೆಯಾದರೂ ಇರುತ್ತದೆ; ಪುಟ್ಟ ವಿಮಾನಗಳಲ್ಲಿ ಬಹುತೇಕ ಅದೂ ಇಲ್ಲ.

ಅಂಕಿಯಲ್ಲಿ ನೋಡಿದರೆ ಇದು ಇನ್ನೂ ಸ್ಪಷ್ಟ. ಸೆಸ್ನಾ 172ರ ಇತ್ತೀಚಿನ ಮಾದರಿ ಫ್ಲ್ಯಾಪ್ ಇಳಿಸದೆ ಹಾರುವಾಗ ಗಂಟೆಗೆ ಸುಮಾರು 89 ಕಿ.ಮೀ. ವೇಗಕ್ಕೆ ಇಳಿದರೆ ಸ್ಟಾಲ್ ಆಗುತ್ತದೆ. ಟೇಕಾಫ್‌ನಲ್ಲಿ ಪೈಲಟ್ ಮೂತಿ ಎತ್ತುವುದು ಸುಮಾರು 102 ಕಿ.ಮೀ. ವೇಗದಲ್ಲಿ. ನಡುವಿನ 13 ಕಿ.ಮೀ.ಯೇ ಅವನ ಬಂಡವಾಳ. ಗಟ್ಟಿಯಾಗಿ ಕೂತ ಫ್ರಾಸ್ಟ್ ಸ್ಟಾಲ್ ವೇಗವನ್ನು ಶೇ. 5ರಿಂದ 10ರಷ್ಟು ಏರಿಸುತ್ತದೆ ಎನ್ನುತ್ತವೆ ಪೈಲಟ್‌ಗಳ ಪಠ್ಯಪುಸ್ತಕಗಳು. ಹತ್ತೇ ಎಂದುಕೊಂಡರೆ 89 ಹೋಗಿ 98 ಆಯಿತು. ಉಳಿದದ್ದು ನಾಲ್ಕು ಕಿ.ಮೀ. ಒಂದು ಸಣ್ಣ ಗಾಳಿಯ ಏಟಿಗೆ, ಮೂತಿಯನ್ನು ಕೊಂಚ ಹೆಚ್ಚು ಎತ್ತಿದ ಕೈತಪ್ಪಿಗೆ, ಅದೂ ಖರ್ಚಾಗಿಹೋಗುತ್ತದೆ. ಸ್ಟಾಲ್ ಹತ್ತಿರವಾದಾಗ ಕೂಗಬೇಕಾದ ಹಾರ್ನ್ ಇದೆಯಲ್ಲ ಎನ್ನಬಹುದು. ಅದನ್ನು ಹೊಂದಿಸಿರುವುದು ಶುಭ್ರ ರೆಕ್ಕೆಗೆ. ಫ್ರಾಸ್ಟ್ ಕೂತ ರೆಕ್ಕೆ ಹಾರ್ನ್ ಕೂಗುವುದಕ್ಕೂ ಮೊದಲೇ ಸ್ಟಾಲ್ ಆಗಬಹುದು.

ಇಷ್ಟೆಲ್ಲ ಆದರೂ ವಿಮಾನ ಎಷ್ಟೋ ಸಲ ನೆಲ ಬಿಟ್ಟು ಏಳುತ್ತದೆ. ಅಸಲಿ ವಂಚನೆ ಇದೇ. ನೆಲಕ್ಕೆ ತೀರಾ ಹತ್ತಿರದಲ್ಲಿ, ಅಂದರೆ ರೆಕ್ಕೆಯ ಒಟ್ಟು ಉದ್ದದಷ್ಟು ಎತ್ತರದೊಳಗೆ, ಎಳೆತ ಕಡಿಮೆಯಾಗಿ ವಿಮಾನಕ್ಕೆ ಪುಕ್ಕಟೆ ನೆರವು ಸಿಗುತ್ತದೆ. ಚಕ್ರಗಳು ರನ್‌ವೇ ಬಿಡುತ್ತವೆ, ಪೈಲಟ್ ನಿಟ್ಟುಸಿರು ಬಿಡುತ್ತಾನೆ, ಹತ್ತಿಪ್ಪತ್ತು ಅಡಿ ಏರುತ್ತಿದ್ದಂತೆ ಆ ನೆರವು ಕರಗುತ್ತದೆ. ಈಗ ಮುಂದೆ ರನ್‌ವೇ ಉಳಿದಿಲ್ಲ, ಕೆಳಗೆ ಬೇಲಿ, ಎದುರಿಗೆ ಮರ. ಹೆದರಿದ ಕೈ ಮಾಡುವುದು ಒಂದೇ ಕೆಲಸ: ಮೂತಿಯನ್ನು ಇನ್ನೂ ಎತ್ತುವುದು. ಸ್ಟಾಲ್‌ಗೆ ಅದಕ್ಕಿಂತ ಹತ್ತಿರದ ದಾರಿಯಿಲ್ಲ.

ಇನ್ನು ಈ ಫ್ರಾಸ್ಟ್ ಬಂದು ಕೂರುವ ರೀತಿ. ಹಿಮಪಾತದಂತೆ ಇದು ಆಕಾಶದಿಂದ ಬೀಳುವುದಿಲ್ಲ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಬಯಲಿನ ವಸ್ತುಗಳೆಲ್ಲ ತಮ್ಮ ಬಿಸಿಯನ್ನು ಆಕಾಶಕ್ಕೆ ಸೂಸುತ್ತವೆ. ರೆಕ್ಕೆಯೆಂದರೆ ತೆಳು ಅಲ್ಯುಮಿನಿಯಂ ತಗಡು; ಸುತ್ತಲಿನ ಗಾಳಿಗಿಂತ ಬೇಗ, ಅದಕ್ಕಿಂತ ಹೆಚ್ಚು ತಣ್ಣಗಾಗುತ್ತದೆ. ಹವಾಮಾನ ವರದಿಯಲ್ಲಿ ತಾಪಮಾನ 2 ಅಥವಾ 3 ಡಿಗ್ರಿ ಎಂದಿದ್ದರೂ ರೆಕ್ಕೆಯ ಮೈ ಸೊನ್ನೆಗಿಂತ ಕೆಳಗಿರಬಹುದು. ಆಗ ಗಾಳಿಯಲ್ಲಿನ ತೇವ ನೀರಾಗುವ ಗೊಡವೆಗೇ ಹೋಗದೆ ನೇರವಾಗಿ ಹರಳುಗಟ್ಟುತ್ತದೆ. ಹಾರಾಟಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ ಎನ್ನಿಸುವಂಥ ತಿಳಿಯಾದ ಮುಂಜಾವುಗಳೇ ಫ್ರಾಸ್ಟ್‌ನ ಮುಂಜಾವುಗಳೂ ಹೌದು.

ಸೂರ್ಯ ಹುಟ್ಟಿದ ಮೇಲೆ ಸರಿಹೋಗುತ್ತದೆ ಎನ್ನುವಂತೆಯೂ ಇಲ್ಲ. ಒಂದು ರೆಕ್ಕೆಗೆ ಬಿಸಿಲು ಬಿದ್ದು, ಇನ್ನೊಂದು ಹ್ಯಾಂಗರಿನ ನೆರಳಿನಲ್ಲೇ ಉಳಿದರೆ ಅರ್ಧ ಗಂಟೆಯಲ್ಲಿ ಒಂದು ಕಡೆ ಶುಭ್ರ, ಇನ್ನೊಂದು ಕಡೆ ಬಿಳುಪು. ಎರಡೂ ಕಡೆ ಸಮನಾಗಿ ಫ್ರಾಸ್ಟ್ ಇದ್ದ ವಿಮಾನಕ್ಕಿಂತ ಇದು ಹೆಚ್ಚು ಅಪಾಯಕಾರಿ, ಏಕೆಂದರೆ ಒಂದು ರೆಕ್ಕೆ ಮೊದಲು ಸ್ಟಾಲ್ ಆದರೆ ವಿಮಾನ ಆ ಕಡೆಗೆ ಹೊರಳುತ್ತದೆ.

ಬರ್ಮಿಂಗ್‌ಹ್ಯಾಮ್ ತನಿಖಾ ವರದಿ ಪೈಲಟ್‌ಗಳ ದಣಿವನ್ನೂ, ಪ್ರಯಾಣದ ವೇಳೆ ವ್ಯತ್ಯಾಸವನ್ನೂ, ಚೀಟಿಯಿಲ್ಲದೆ ಸಿಗುವ ಮಾತ್ರೆಯೊಂದರ ಮಂಪರನ್ನೂ ಸಂಭವನೀಯ ಕಾರಣಗಳ ಪಟ್ಟಿಗೆ ಸೇರಿಸಿತು. ಅದರ ಜೊತೆಗೇ ಅಮೆರಿಕದ ನಿಯಮಗಳತ್ತಲೂ ಬೆರಳು ತೋರಿಸಿತು. ಫ್ರಾಸ್ಟನ್ನು ಪೂರ್ತಿ ತೆಗೆಯಬೇಕೆಂದಿಲ್ಲ, ಉಜ್ಜಿ ನುಣುಪು ಮಾಡಿದರೆ ಟೇಕಾಫ್ ಮಾಡಬಹುದು ಎಂಬ ರಿಯಾಯಿತಿ ಅಲ್ಲಿನ ನಿಯಮಗಳಲ್ಲಿ ದಶಕಗಳ ಕಾಲ ಇತ್ತು. ಎಷ್ಟು ಉಜ್ಜಿದರೆ ನುಣುಪು? ಅಳೆಯುವವರು ಯಾರು, ಯಾವುದರಿಂದ? ಉತ್ತರವಿರಲಿಲ್ಲ. ಉಜ್ಜಿದ ಫ್ರಾಸ್ಟ್‌ನೊಂದಿಗೆ ಹಾರಿ ಬದುಕಿ ಬಂದವರು ಮುಂದಿನವರಿಗೆ ಅದನ್ನೇ ಹೇಳಿಕೊಡುತ್ತಾ ಹೋದರು. ಬದುಕದವರ ಪಾಠ ಕೇಳುವ ಅವಕಾಶ ಯಾರಿಗೂ ಸಿಗಲಿಲ್ಲ. ಆ ರಿಯಾಯಿತಿಯನ್ನು ಅಮೆರಿಕ ತೆಗೆದುಹಾಕಿದ್ದು 2009ರಲ್ಲಿ, ಬರ್ಮಿಂಗ್‌ಹ್ಯಾಮ್ ಅಪಘಾತವಾಗಿ ಏಳು ವರ್ಷಗಳ ಮೇಲೆ. ಇಷ್ಟು ಸರಳ ಸಂಗತಿಗೆ ಅಷ್ಟು ಕಾಲ ಬೇಕಿತ್ತೇ ಎಂದು ಕೇಳದೆ ಇರಲಾಗದು.

ಕೆಲವು ಕಡೆ ಫ್ರಾಸ್ಟ್ ಇದ್ದರೂ ನಡೆಯುತ್ತದೆ ಎಂಬುದನ್ನೂ ಹೇಳಬೇಕು. ಪ್ರಯಾಣಿಕ ಜೆಟ್‌ಗಳ ರೆಕ್ಕೆಯ ಕೆಳಭಾಗದಲ್ಲಿ, ಇಂಧನದ ಟ್ಯಾಂಕಿರುವೆಡೆ, ಸುಮಾರು 3 ಮಿಲಿಮೀಟರ್‌ವರೆಗಿನ ಫ್ರಾಸ್ಟ್‌ಗೆ ಕೆಲವು ಮಾದರಿಗಳಲ್ಲಿ ಅನುಮತಿಯಿದೆ. ವಿಮಾನದ ಒಡಲಿನ ಮೇಲೆ, ಕೆಳಗಿನ ಬಣ್ಣ, ಅಕ್ಷರ ಕಾಣುವಷ್ಟು ತೆಳುವಾಗಿದ್ದರೆ ಆಗಬಹುದು. ಸಣ್ಣ ವಿಮಾನಗಳಲ್ಲಿ ರೆಕ್ಕೆಯ ಬೆನ್ನು ಮತ್ತು ಮುಂಅಂಚಿನ ಮಟ್ಟಿಗೆ ಮಾತ್ರ ರಾಜಿಯಿಲ್ಲ.

ಆ ಬೆನ್ನು ಪೈಲಟ್‌ನ ಕಣ್ಣಿಗೆ ಬೀಳಬೇಕಲ್ಲ! ಪೈಪರ್ ಚೆರೋಕಿಯಂಥ ವಿಮಾನಗಳಲ್ಲಿ ರೆಕ್ಕೆ ಸೊಂಟದ ಮಟ್ಟದಲ್ಲಿರುತ್ತದೆ, ಬಗ್ಗಿದರೆ ಕಾಣುತ್ತದೆ. ಸೆಸ್ನಾಗಳಲ್ಲಿ ರೆಕ್ಕೆ ತಲೆಯ ಮೇಲಿದೆ. ಕೆಳಗೆ ನಿಂತು ಸುತ್ತು ಹಾಕಿದರೆ ಕಾಣುವುದು ರೆಕ್ಕೆಯ ಹೊಟ್ಟೆ ಮಾತ್ರ. ಇದರ ಬೆಲೆ 2001ರ ಅಕ್ಟೋಬರ್ 10ರಂದು ಅಲಾಸ್ಕದ ಡಿಲ್ಲಿಂಗ್‌ಹ್ಯಾಮ್‌ನಲ್ಲಿ ಗೊತ್ತಾಯಿತು. ಕಿಂಗ್ ಸಾಮನ್ ಎಂಬ ಊರಿಗೆ ಹೊರಟ ಸೆಸ್ನಾ 208 ಕ್ಯಾರವಾನ್, ಟೇಕಾಫ್ ಆದ ಸ್ವಲ್ಪದರಲ್ಲೇ ಹತೋಟಿ ತಪ್ಪಿ ನೆಲಕ್ಕಪ್ಪಳಿಸಿತು. ಪೈಲಟ್ ಮತ್ತು ಒಂಬತ್ತು ಪ್ರಯಾಣಿಕರು, ಹತ್ತೂ ಮಂದಿ ಇಲ್ಲವಾದರು. ಮೇಲ್ಮೈಯಲ್ಲಿದ್ದ ಹಿಮ ಪೈಲಟ್‌ನ ಪರೀಕ್ಷೆಯಲ್ಲಿ ಕಾಣದೆ ಹೋದದ್ದೇ ಕಾರಣವೆಂದಿತು ಸಾರಿಗೆ ಸುರಕ್ಷತಾ ಮಂಡಳಿ. ರೆಕ್ಕೆಯ ಬೆನ್ನನ್ನು ಹತ್ತಿರದಿಂದ ನೋಡಲೇಬೇಕೆಂಬ ನಿಯಮವೇ ಆ ವಿಮಾನಕ್ಕೆ ಇರಲಿಲ್ಲ ಎಂಬುದನ್ನೂ ಸೇರಿಸಿತು. ಮುಂದೆ ಕ್ಯಾರವಾನ್‌ಗಳಿಗೆ ಕೈಯಿಂದ ಮುಟ್ಟಿಯೇ ಪರೀಕ್ಷಿಸಬೇಕೆಂಬ ಆದೇಶ ಬಂತು.

ಕೈಯಿಂದ ಮುಟ್ಟುವುದೆಂದರೆ ನಿಜವಾಗಿಯೂ ಬರಿಗೈ. ಚಳಿನಾಡಿನ ಸಣ್ಣ ಏರ್‌ಫೀಲ್ಡಿನಲ್ಲಿ ಮುಂಜಾನೆ ಪೈಲಟ್ ಏಣಿ ತರುತ್ತಾನೆ, ಅಥವಾ ರೆಕ್ಕೆಗೆ ಆನಿಸಿದ ಓರೆಗಂಬದ ಮೆಟ್ಟಿಲಿಗೆ ಕಾಲಿಡುತ್ತಾನೆ. ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದರ ಗ್ಲೌಸನ್ನು ಹಲ್ಲಿನಿಂದ ಎಳೆದು ತೆಗೆದು, ಅಂಗೈಯನ್ನು ಮುಂಅಂಚಿನಿಂದ ಹಿಂದಕ್ಕೆ ಸವರುತ್ತಾನೆ. ತೇವವಿದ್ದ ತಗಡು ಮತ್ತು ಪಾರದರ್ಶಕ ಹಿಮ ಕಣ್ಣಿಗೆ ಒಂದೇ ರೀತಿ ಹೊಳೆಯುತ್ತವೆ. ಬೆರಳಿಗೆ ಮಾತ್ರ ಬೇರೆ. ಬಿಳಿ ಬಣ್ಣ ಬಳಿದ ರೆಕ್ಕೆಯ ಮೇಲೆ ಬಿಳಿ ಫ್ರಾಸ್ಟ್ ಇರುವುದೂ ಅರೆಬೆಳಕಿನಲ್ಲಿ ಬೆರಳಿಗೇ ಮೊದಲು ಗೊತ್ತಾಗುವುದು.

ಫ್ರಾಸ್ಟ್ ತೆಗೆಯುವ ಉಪಾಯಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಅದು ಕೂರದಂತೆ ನೋಡಿಕೊಳ್ಳುವುದು: ಹ್ಯಾಂಗರಿನಲ್ಲಿಡುವುದು, ಇಲ್ಲವೇ ರೆಕ್ಕೆಗಳಿಗೆ ಬಟ್ಟೆಯ ಗವಸು ತೊಡಿಸುವುದು. ಅದಾಗದಿದ್ದರೆ ಮೆತ್ತನೆ ಪೊರಕೆ. ಅಲಾಸ್ಕದಲ್ಲಿ ಹಗ್ಗವನ್ನು ರೆಕ್ಕೆಯ ಮೇಲೆ ಅಡ್ಡ ಹಾಕಿ ಎಳೆದಾಡುವುದುಂಟು. ಸಡಿಲ ಫ್ರಾಸ್ಟ್ ಉದುರುತ್ತದೆ, ಅಂಟಿಕೊಂಡದ್ದು ಹಾಗೇ ಉಳಿಯುತ್ತದೆ. ದೊಡ್ಡ ನಿಲ್ದಾಣಗಳಲ್ಲಿ ಗ್ಲೈಕಾಲ್ ಬೆರೆಸಿದ ಕಿತ್ತಳೆ ಬಣ್ಣದ ದ್ರಾವಣವನ್ನು ಬಿಸಿ ಮಾಡಿ ಸಿಂಪಡಿಸುತ್ತಾರೆ. ಆ ಬಿಲ್ಲು ಸಣ್ಣ ವಿಮಾನದವರ ಎದೆ ಝಲ್ಲೆನಿಸುವಂಥದ್ದು. ಬರೀ ಬಿಸಿನೀರು ಸುರಿಯುವ ಆಸೆ ಬೇಡ: ಫ್ರಾಸ್ಟ್ ಕರಗುತ್ತದೆ, ನೀರು ವಿಮಾನವನ್ನು ವಾಲಿಸುವ ಏಲರಾನ್ ಪಟ್ಟಿಗಳ ಬಿಜಾಗರಿಯೊಳಗೆ ಇಳಿದು ಅಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಮೇಲೆ ಹೋದ ಮೇಲೆ ಚುಕ್ಕಾಣಿ ತಿರುಗದಿದ್ದರೆ ಫ್ರಾಸ್ಟೇ ವಾಸಿ ಎನ್ನಿಸುತ್ತದೆ. ಬಿಡುವಿದ್ದವರಿಗೆ ಖರ್ಚಿಲ್ಲದ ದಾರಿಯೂ ಒಂದಿದೆ. ವಿಮಾನವನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿ, ಎರಡೂ ರೆಕ್ಕೆ ಒಣಗುವವರೆಗೆ ಕಾಯುವುದು. ಸಣ್ಣ ವಿಮಾನದಲ್ಲಿ ಹೊರಡುವವರಿಗೆ ಸಾಮಾನ್ಯವಾಗಿ ಇಲ್ಲದಿರುವುದು ಈ ಬಿಡುವೇ.

ಈ ಅಪಘಾತಗಳಲ್ಲಿ ತನಿಖೆಗಾರರಿಗೊಂದು ವಿಚಿತ್ರ ತೊಡಕಿದೆ. ಸಾಕ್ಷಿ ಕರಗಿಹೋಗುತ್ತದೆ. ಬೆಂಕಿ ಬಿದ್ದ ಅವಶೇಷದಲ್ಲಿ ಹಿಮವನ್ನು ಹುಡುಕುವುದೆಲ್ಲಿ? 1985ರ ಡಿಸೆಂಬರ್ 12ರಂದು ಕೆನಡಾದ ಗ್ಯಾಂಡರ್‌ನಲ್ಲಿ ಅಮೆರಿಕದ ಸೈನಿಕರನ್ನು ಹೊತ್ತ ಡಿಸಿ-8 ಬಿದ್ದು 256 ಜನ ಸತ್ತಾಗ, ರೆಕ್ಕೆಯ ಹಿಮವೇ ಕಾರಣವಿರಬೇಕೆಂದು ತನಿಖಾ ಮಂಡಳಿಯ ಐವರು ಹೇಳಿದರು, ನಾಲ್ವರು ಒಪ್ಪಲಿಲ್ಲ. ಹಿಮದ ಮೇಲೆ ತಪ್ಪು ಹೊರಿಸಿದ್ದೂ ಇದೆ. 1958ರ ಫೆಬ್ರುವರಿ 6ರಂದು ಮ್ಯೂನಿಕ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡವಿದ್ದ ವಿಮಾನ ಟೇಕಾಫ್ ವೇಳೆ ಅಪಘಾತಕ್ಕೀಡಾಗಿ 23 ಮಂದಿ ಸತ್ತರು. ರೆಕ್ಕೆಯ ಹಿಮ ತೆಗೆಸಲಿಲ್ಲವೆಂದು ಜರ್ಮನ್ ಅಧಿಕಾರಿಗಳು ಕ್ಯಾಪ್ಟನ್ ಜೇಮ್ಸ್ ಥೇನ್ ಅವರನ್ನು ಹೊಣೆ ಮಾಡಿದರು. ರನ್‌ವೇ ಮೇಲಿನ ಕೆಸರುಹಿಮ ವಿಮಾನದ ವೇಗ ತಿಂದುಹಾಕಿತ್ತೆಂಬುದನ್ನು ಬ್ರಿಟನ್ ಒಪ್ಪಿ, ಅವರ ಹೆಸರಿನ ಮೇಲಿನ ಕಳಂಕ ತೊಡೆಯಲು ಸುಮಾರು ಹತ್ತು ವರ್ಷ ಹಿಡಿಯಿತು.

ಕಾನೂನು ಬಿಗಿಯಾದದ್ದು ದೊಡ್ಡ ವಿಮಾನಗಳ ಸಾವಿನಿಂದ. 1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ಏರ್ ಒಂಟಾರಿಯೊದ ಫೋಕರ್ ಎಫ್-28 ಹಿಮ ಬೀಳುತ್ತಿದ್ದಾಗಲೇ ಹೊರಟಿತು. ಎಂಜಿನ್ ಚಾಲೂ ಮಾಡಿಕೊಡುವ ಸಹಾಯಕ ಯಂತ್ರ ಕೆಟ್ಟಿದ್ದರಿಂದ ಎಂಜಿನ್ ಆರಿಸುವಂತಿರಲಿಲ್ಲ. ಎಂಜಿನ್ ಓಡುತ್ತಿರುವಾಗ ದ್ರಾವಣ ಹೊಡೆಯುವಂತಿರಲಿಲ್ಲ. ಅದರ ಮೇಲೆ, ಆ ಹವೆಯಲ್ಲಿ ಪರದಾಡುತ್ತಿದ್ದ ಪುಟ್ಟ ಸೆಸ್ನಾವೊಂದು ಇಳಿಯಲೆಂದು ಇನ್ನಷ್ಟು ಹೊತ್ತು ಕಾಯಬೇಕಾಯಿತು. ಆ ಹೊತ್ತಿನಲ್ಲೂ ರೆಕ್ಕೆಯ ಮೇಲೆ ಹಿಮ ಬೀಳುತ್ತಲೇ ಇತ್ತು. ವಿಮಾನ ರನ್‌ವೇಯಾಚೆಯ ಕಾಡಿಗೆ ಬಿದ್ದು 69 ಜನರಲ್ಲಿ 24 ಮಂದಿ ಸತ್ತರು. ಪ್ರಯಾಣಿಕರ ನಡುವೆ ಬೇರೆ ವಿಮಾನಗಳ ಪೈಲಟ್‌ಗಳೂ ಕೂತಿದ್ದರು. ಹಿಮ ಕಂಡವರಲ್ಲಿ ಯಾರೂ ಕಾಕ್‌ಪಿಟ್‌ಗೆ ಹೇಳಿಕಳಿಸಲಿಲ್ಲ. ಅಲ್ಲಿರುವವರಿಗೆ ಗೊತ್ತಿರುತ್ತದೆ ಎಂಬ ನಂಬಿಕೆ. ನ್ಯಾಯಮೂರ್ತಿ ವರ್ಜಿಲ್ ಮೊಶಾನ್ಸ್ಕಿ ಅವರ ಆಯೋಗ 1992ರಲ್ಲಿ 191 ಶಿಫಾರಸುಗಳನ್ನು ಕೊಟ್ಟಿತು. ಅದೇ ವರ್ಷ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನ ಲಗಾರ್ಡಿಯದಲ್ಲಿ ಇನ್ನೊಂದು ಎಫ್-28 ಇದೇ ರೀತಿ ಬಿದ್ದು 27 ಜನ ಸತ್ತ ಮೇಲೆ ಅಮೆರಿಕವೂ ವಿಮಾನ ಕಂಪನಿಗಳ ನಿಯಮ ಬದಲಿಸಿತು.

ಇನ್ನು ನಮ್ಮ ಕಡೆಗೆ ಬಂದರೆ, ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರಲ್ಲಿ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಅಂಗಳದಲ್ಲಿ ಡಿಸೆಂಬರ್ ಬೆಳಗ್ಗೆ ರೆಕ್ಕೆಗಳ ಮೇಲೆ ಕೂರುವುದು ಇಬ್ಬನಿ, ಒರೆಸಿದರೆ ಹೋಯಿತು. ಫ್ರಾಸ್ಟ್ ಇಲ್ಲಿ ಪರೀಕ್ಷೆಯ ಪ್ರಶ್ನೆ ಮಾತ್ರ. ಆದರೆ ಲೈಸೆನ್ಸ್‌ಗಾಗಿ ಕೆನಡಾಕ್ಕೋ ಅಮೆರಿಕಕ್ಕೋ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಮೊದಲ ಚಳಿಗಾಲದಲ್ಲೇ ಅದು ಎದುರಾಗುತ್ತದೆ, ಗಂಟೆ ಲೆಕ್ಕದಲ್ಲಿ ಬಾಡಿಗೆ ಕಟ್ಟಿದ ವಿಮಾನದ ಮೇಲೆ. ಬಿಸಿಲೂರುಗಳಿಗೂ ಪೂರ್ತಿ ವಿನಾಯಿತಿಯಿಲ್ಲ. ಮೈನಸ್ 50 ಡಿಗ್ರಿಯ ಎತ್ತರದಲ್ಲಿ ಗಂಟೆಗಟ್ಟಲೆ ಹಾರಿ ಇಳಿದ ಜೆಟ್ಟಿನ ಟ್ಯಾಂಕಿನಲ್ಲಿ ಇಂಧನ ಇನ್ನೂ ಸೊನ್ನೆಗಿಂತ ತಣ್ಣಗಿದ್ದರೆ, ತೇವ ತುಂಬಿದ ಗಾಳಿಯಲ್ಲಿ ಹೊರಗೆ 15 ಡಿಗ್ರಿ ಇದ್ದಾಗಲೂ ರೆಕ್ಕೆಯಲ್ಲಿ ಫ್ರಾಸ್ಟ್ ಕಾಣಿಸಿಕೊಳ್ಳುವುದುಂಟು.

ನಿಯಮವಿದ್ದೂ ಸಾಕಷ್ಟು ಸಲಕರಣೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಮತ್ತೆ ಕೆನಡಾಕ್ಕೇ ಹೋಗಬೇಕು. 2017ರ ಡಿಸೆಂಬರ್ 13ರಂದು ಸಸ್ಕಾಚೆವಾನ್ ಪ್ರಾಂತದ ಉತ್ತರದಂಚಿನ ಫಾನ್-ಡು-ಲಾಕ್‌ನಿಂದ 25 ಜನರಿದ್ದ ಎಟಿಆರ್-42 ರೆಕ್ಕೆಯ ಹಿಮದೊಂದಿಗೇ ಹೊರಟು, ಎದ್ದ ಕೂಡಲೇ ಮರಗಳ ನಡುವೆ ಬಿತ್ತು. ಗಾಯಗೊಂಡ ಪ್ರಯಾಣಿಕರಲ್ಲಿ ಒಬ್ಬರು ಮುಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ದೇಶದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆಯ ಭಾಗವಾಗಿ ದೂರದೂರುಗಳಿಗೆ ಹಾರುವ ಪೈಲಟ್‌ಗಳನ್ನು ವಿಚಾರಿಸಿದಾಗ, ಅಂಥ ನಿಲ್ದಾಣಗಳಲ್ಲಿ ಹಿಮ ತೆಗೆಸಿಕೊಳ್ಳಲು ತಮಗೆ ಅಪರೂಪಕ್ಕೆ ಸಾಧ್ಯವಾಗುತ್ತದೆ ಅಥವಾ ಆಗುವುದೇ ಇಲ್ಲ ಎಂದವರು ನೂರಕ್ಕೆ ಸುಮಾರು 40. ಫಾನ್-ಡು-ಲಾಕ್‌ನ ಟರ್ಮಿನಲ್ ಕಟ್ಟಡದಲ್ಲಿ ಅಂದು ಏಣಿಗಳಿದ್ದವು, ದ್ರಾವಣವೂ ಇತ್ತು, ಕೈಯಲ್ಲಿ ಹಿಡಿದು ಸಿಂಪಡಿಸುವ ಸಣ್ಣ ಪಂಪೂ ಇತ್ತು. ಎಟಿಆರ್‌ನ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ 24 ಮೀಟರಿಗೂ ಹೆಚ್ಚು ಉದ್ದ.